ಅಪ್ಪನ ದನಿಯಲ್ಲಿ ಬರುವ ಸಮಾಜ

ಆಳಂದ ತಾಲ್ಲೂಕಿನ ಸರಸಂಬಾದ ಕಡೆ ಮನೆಮನೆಯಲ್ಲಿ ಕೇಳಿಬರುವ ಒಂದು ಮಾತಿದೆ. ಕನ್ನಡದವರು ‘ಮಂದಿ ಏನಂದಾರು’ ಎನ್ನುತ್ತಾರೆ. ಮರಾಠಿ ಮಾತಾಡುವವರು ‘ಲೋಕ ಕಾಯ್ ಮ್ಹಣತೀಲ’ ಎನ್ನುತ್ತಾರೆ. ಮುಸ್ಲಿಮರ ಮನೆಯ ದಖನಿಯಲ್ಲಿ ಅದೇ ಮಾತು ‘ಲೋಗಾಂ ಕ್ಯಾ ಬೋಲಿಂಗೆ’ ಎಂದಾಗುತ್ತದೆ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಮೂರು ಭಾಷೆಗಳು ಒಂದೇ ಓಣಿಯಲ್ಲಿ ಓಡಾಡುತ್ತವೆ. ಹಬ್ಬ, ಊಟ, ಉಡುಪು ಬೇರೆ ಬೇರೆಯಾದರೂ ಈ ಒಂದು ಅಂಜಿಕೆಯ ವಿಷಯದಲ್ಲಿ ಮೂವರದೂ ಒಂದೇ ವ್ಯಾಕರಣ. ಮಗಳು ಕಲಬುರಗಿಯ ಕಾಲೇಜಿಗೆ ಹೋಗುತ್ತೇನೆಂದಾಗ, ಗಂಡ ಸತ್ತವಳು ಮತ್ತೊಂದು ಮದುವೆಯ ಮಾತೆತ್ತಿದಾಗ, ತವರಿಗೆ ಬಂದ ಹೆಣ್ಣುಮಗಳು ತಿಂಗಳಾದರೂ ಹಿಂದಿರುಗದಿದ್ದಾಗ ಈ ಮಾತು ಹೊರಬರುತ್ತದೆ. ಆ ಮಂದಿ ಯಾರು ಎಂದು ಕೇಳಿ ನೋಡಿ. ಹೆಸರು ಹೇಳುವವರು ಒಬ್ಬರೂ ಸಿಗುವುದಿಲ್ಲ. ಕಿರಾಣಿ ಅಂಗಡಿಯವನು ಮಂದಿಗೆ ಅಂಜುತ್ತಾನೆ; ಅವನ ಅಂಗಡಿಗೆ ಬರುವವರು ಅವನನ್ನೇ ಮಂದಿ ಎಂದುಕೊಂಡು ಅಂಜುತ್ತಾರೆ.

ಸಾಹಿತ್ಯ ವಿಮರ್ಶೆಯಲ್ಲಿ ಇದಕ್ಕೆ ‘ವ್ಯಕ್ತಿ ಮತ್ತು ಸಮಾಜದ ಸಂಘರ್ಷ’ ಎಂಬ ದೊಡ್ಡ ಹೆಸರಿದೆ. ಪದವಿ ತರಗತಿಯ ಪ್ರಶ್ನೆಪತ್ರಿಕೆಗಳಲ್ಲಿ ಸವೆದು ಸವೆದು ಹರಿದುಹೋದ ಹೆಸರು ಅದು. ಅದರ ಬಗ್ಗೆ ನಮಗೊಂದು ತಕರಾರಿದೆ. ಕುಸ್ತಿಯ ಕಣದಲ್ಲಿ ಇಬ್ಬರು ಪೈಲ್ವಾನರು ನಿಂತಂತೆ ಒಂದು ಕಡೆ ಮನುಷ್ಯನ ಭಾವನೆ, ಇನ್ನೊಂದು ಕಡೆ ಸಮಾಜದ ಬೇಡಿಕೆ ಎಂದು ಆ ಹೆಸರು ನಮ್ಮನ್ನು ನಂಬಿಸುತ್ತದೆ. ಬದುಕಿನಲ್ಲಿ ಹಾಗೆ ನಡೆಯುವುದು ಅಪರೂಪ. ಸಮಾಜ ತನ್ನ ಮುಖ ಹೊತ್ತು ಯಾರ ಬಾಗಿಲಿಗೂ ಬರುವುದಿಲ್ಲ. ಅಪ್ಪನ ದನಿಯಲ್ಲಿ ಬರುತ್ತದೆ, ಅಣ್ಣನ ದನಿಯಲ್ಲಿ ಬರುತ್ತದೆ, ಅಳುತ್ತಾ ಕೈ ಹಿಡಿದುಕೊಳ್ಳುವ ಅವ್ವನ ದನಿಯಲ್ಲಿ ಬರುತ್ತದೆ. ಆದ್ದರಿಂದ ಸೋಲುವ ಭಾವನೆಯ ಎದುರು ನಿಂತಿರುವುದೂ ಒಂದು ಭಾವನೆಯೇ ಆಗಿರುತ್ತದೆ. ಪ್ರೀತಿಯನ್ನು ಪ್ರೀತಿಯಿಂದಲೇ ಹೊಡೆಯಲಾಗುತ್ತದೆ. ಕನ್ನಡದಲ್ಲಿ ಇದನ್ನು ಬಹಳ ನಿಚ್ಚಳವಾಗಿ ತೋರಿಸಿದ ಕೃತಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂದು ನಮ್ಮ ಎಣಿಕೆ. ನಲವತ್ತು ವರ್ಷ ದಾಟಿದ ಈ ಕಾದಂಬರಿಯನ್ನು ಬೇರೆ ಕಣ್ಣಿನಿಂದ ಮತ್ತೆ ಓದಬೇಕಾಗಿದೆ.

ಸರಸಂಬಾಕ್ಕೂ ಕಾಸರಗೋಡಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಒಂದು ತೊಗರಿಯ ನಾಡು, ಇನ್ನೊಂದು ತೆಂಗು ಕಂಗಿನ ನಾಡು. ಒಂದು 1948ರವರೆಗೆ ನಿಜಾಮನ ಕೈಯಲ್ಲಿತ್ತು, ಇನ್ನೊಂದು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಭಾಷೆಯ ಗೆರೆ ಎಳೆದಾಗ ಆಳಂದ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿಯು ಆಳಂದದ ಪಕ್ಕದ ಅಕ್ಕಲಕೋಟೆಯನ್ನೂ ಚಂದ್ರಗಿರಿ ನದಿಯ ಉತ್ತರಕ್ಕಿರುವ ಕಾಸರಗೋಡನ್ನೂ ಕರ್ನಾಟಕಕ್ಕೆ ಕೊಡಬೇಕೆಂದಿತು. ಎರಡೂ ಬರಲಿಲ್ಲ. ಗಡಿಯ ಜನರಿಗೆ ಒಂದು ಗುಣವಿರುತ್ತದೆ. ಆಡುವ ಮಾತು ಒಂದು, ಓದುವ ಮಾತು ಇನ್ನೊಂದು, ಪ್ರಾರ್ಥನೆಯ ಮಾತು ಮತ್ತೊಂದು ಆದಾಗ ಮನುಷ್ಯ ತನ್ನ ಒಳಗಿನದನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕೆಂದು ಒಂದು ಗಳಿಗೆ ಯೋಚಿಸುತ್ತಾನೆ. ಮನೆಯಲ್ಲಿ ಮಲೆಯಾಳ ಆಡುತ್ತಿದ್ದ, 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ತಮ್ಮ ಶಾಲೆಯ ಭಾಷೆಯಾದ ಕನ್ನಡವನ್ನು ಆರಿಸಿಕೊಂಡರು. ನಾಲ್ವರು ಮಕ್ಕಳ ತಾಯಿಯಾಗಿ, ನಲವತ್ತು ದಾಟಿದ ಮೇಲೆ ಬರೆಯಲು ಕುಳಿತರು. ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾಯಿತು. ಶಾಬಾನು ಪ್ರಕರಣದ ತೀರ್ಪು ಬಂದದ್ದು 1985ರ ಏಪ್ರಿಲ್‌ನಲ್ಲಿ. ಅಂದರೆ ದೇಶವೆಲ್ಲ ತಲಾಖ್ ಎಂಬ ಶಬ್ದವನ್ನು ಕೂಗಾಡುವ ಮೊದಲೇ, ಯಾವ ಗದ್ದಲವೂ ಇಲ್ಲದ ಹೊತ್ತಿನಲ್ಲಿ ಈ ಹೆಣ್ಣುಮಗಳು ತನ್ನ ಮನೆಯಂಗಳದ ಕತೆಯನ್ನು ಹೇಳಿ ಮುಗಿಸಿದ್ದರು. ಇದನ್ನು ನೆನಪಿಟ್ಟುಕೊಳ್ಳುವುದು ಅಗತ್ಯ. ಯಾಕೆಂದರೆ ಆ ಮೇಲಿನ ಗದ್ದಲವು ಕಾದಂಬರಿಯ ಮೇಲೆ ಧೂಳಿನಂತೆ ಕೂತಿದೆ.

ಕತೆ ಬಹುಮಂದಿಗೆ ಗೊತ್ತಿರುವಂಥದೇ. ನಾದಿರಾ, ಮಹಮ್ಮದ್ ಖಾನ್‌ನ ಹಿರಿಯ ಮಗಳು. ತಂದೆ ಮುಂಗೋಪಿ, ಹಟಮಾರಿ. ತಾಯಿ ಫಾತಿಮಾ ಗಂಡನಿಗಿಂತ ಬಹಳ ಚಿಕ್ಕವಳು. ಹೆದರಿ ಬದುಕುವುದನ್ನೇ ಸಂಸಾರ ಎಂದು ಕಲಿತವಳು. ರಶೀದನ ಕೈಹಿಡಿದ ನಾದಿರಾ ಸುಖವಾಗಿದ್ದಾಳೆ, ಒಂದು ಗಂಡುಮಗುವೂ ಆಗುತ್ತದೆ. ಹಣದ ವಿಷಯಕ್ಕೆ ಮಾವನಿಗೂ ಅಳಿಯನಿಗೂ ಮನಸ್ಸು ಕೆಡುತ್ತದೆ. ಖಾನ್ ಮಗಳನ್ನು ತವರಿಗೆ ಕರೆತಂದು ಮತ್ತೆ ಕಳಿಸುವುದೇ ಇಲ್ಲ. ಕೊನೆಗೆ ತಲಾಖ್ ಆಗುತ್ತದೆ, ಮಗು ತಂದೆಯ ಪಾಲಾಗುತ್ತದೆ. ಕಾಲ ಸರಿದು ತಂದೆಗೆ ಪಶ್ಚಾತ್ತಾಪವಾಗಿ, ಗಂಡ ಹೆಂಡತಿ ಇಬ್ಬರೂ ಮತ್ತೆ ಕೂಡಿ ಬಾಳಲು ಬಯಸಿದಾಗ ಇನ್ನೊಂದು ಕಟ್ಟಳೆ ಅಡ್ಡ ನಿಲ್ಲುತ್ತದೆ. ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನೊಡನೆ ಕಳೆದು, ಅವನಿಂದ ಬಿಡುಗಡೆ ಪಡೆದ ಮೇಲಷ್ಟೇ ರಶೀದನಿಗೆ ಸಲ್ಲುತ್ತಾಳೆ. ಆ ರಾತ್ರಿಯನ್ನು ನಾದಿರಾ ದಾಟುವುದಿಲ್ಲ. ಮಸೀದಿಯ ಕೊಳ ಅವಳನ್ನು ನುಂಗುತ್ತದೆ.

ಈ ಕಾದಂಬರಿಗೆ ಎರಡು ಬಗೆಯ ಓದುಗರು ಸಿಕ್ಕರು. ಒಂದು ಬಗೆಯವರು ಮುಸ್ಲಿಂ ಸಮಾಜದ ಒಳಮನೆಯ ಬಾಗಿಲು ತೆರೆಯಿತೆಂದು ಸಂಭ್ರಮಿಸಿದರು. ಇನ್ನೊಂದು ಬಗೆಯವರು ಮನೆಯ ಮಾತನ್ನು ಬೀದಿಗೆ ತಂದಳೆಂದು ಸಿಟ್ಟಾದರು. ಹೊಗಳಿದವರಲ್ಲೂ ಬೈದವರಲ್ಲೂ ಒಂದು ಸಮಾನ ಅಂಶ ಇತ್ತು. ಇಬ್ಬರೂ ಇದನ್ನು ಒಂದು ದಾಖಲೆಯಂತೆ, ಸಾಕ್ಷಿ ಹೇಳಿಕೆಯಂತೆ ಓದಿದರು. ಮೊದಲಿನವರಿಗೆ ನಾದಿರಾ ಒಂದು ಪುರಾವೆ, ಎರಡನೆಯವರಿಗೆ ಒಂದು ಆರೋಪ. ಅಪ್ಪ ಮತ್ತು ಗಂಡ ಎಂಬ ಇಬ್ಬರು ಗಂಡಸರನ್ನು ಒಟ್ಟಿಗೆ ಪ್ರೀತಿಸಿ ಅವರ ನಡುವೆ ಹರಿದುಹೋದ ಒಬ್ಬ ಹುಡುಗಿಯಾಗಿ ಅವಳನ್ನು ಕಂಡವರು ಕಡಿಮೆ.

ಹಾಗೆ ಕಾಣಬೇಕಾದರೆ ಮಹಮ್ಮದ್ ಖಾನ್‌ನನ್ನು ಖಳನಾಯಕನ ಕುರ್ಚಿಯಿಂದ ಇಳಿಸಿ ನೋಡಬೇಕು. ಅವನು ಕ್ರೂರಿ, ಅನುಮಾನವಿಲ್ಲ. ಅದರ ಜೊತೆಗೆ ಅವನು ಹೆಣ್ಣುಮಕ್ಕಳ ತಂದೆ. ಬಡತನದಲ್ಲಿ ಹೆಣ್ಣು ಹೆತ್ತವನಿಗೆ ಊರು ಮೊದಲೇ ಒಂದು ಬಗ್ಗುವ ಭಂಗಿಯನ್ನು ಗೊತ್ತುಮಾಡಿಟ್ಟಿರುತ್ತದೆ. ಬೀಗರ ಮುಂದೆ, ಸಾಲ ಕೊಡುವವನ ಮುಂದೆ, ಜಮಾತಿನ ಹಿರಿಯರ ಮುಂದೆ ಬಗ್ಗಬೇಕು. ಆ ಭಂಗಿಯನ್ನು ಒಲ್ಲದ ಗಂಡಸು ತನ್ನ ಬೆನ್ನನ್ನು ನೆಟ್ಟಗಿಟ್ಟುಕೊಳ್ಳಲು ಮನೆಯೊಳಗಿನವರನ್ನು ಬಗ್ಗಿಸುತ್ತಾನೆ. ಅಳಿಯ ತನ್ನ ಮಾತು ನಡೆಸಲಿಲ್ಲ ಎಂಬುದು ಖಾನ್‌ನಿಗೆ ಹಣಕಾಸಿನ ವಿಷಯವಾಗಿ ಉಳಿಯುವುದಿಲ್ಲ, ಮಾನದ ವಿಷಯವಾಗುತ್ತದೆ. ಮಾನವೆಂದರೆ ಮಂದಿ. ಹೀಗೆ ಮಂದಿಗೆ ಅಂಜಿದ ಅಪ್ಪ, ಮಗಳ ಪಾಲಿಗೆ ತಾನೇ ಮಂದಿಯಾಗಿಬಿಡುತ್ತಾನೆ. ಮಗಳನ್ನು ಅವನು ದ್ವೇಷದಿಂದ ಹಿಡಿದಿಟ್ಟುಕೊಳ್ಳುವುದಿಲ್ಲ. ಅವಳು ನನ್ನವಳು ಎಂಬ ಮಮಕಾರದಿಂದಲೇ ಹಿಡಿದಿಟ್ಟುಕೊಳ್ಳುತ್ತಾನೆ. ನಾದಿರಾ ಅಪ್ಪನನ್ನು ಧಿಕ್ಕರಿಸಿ ಹೊಳೆ ದಾಟಿ ಗಂಡನ ಮನೆಗೆ ಓಡಲಿಲ್ಲ ಯಾಕೆ ಎಂದು ಇಂದಿನ ವಿದ್ಯಾರ್ಥಿನಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವಳನ್ನು ತಡೆದದ್ದು ಬರೀ ಭಯವಾಗಿದ್ದರೆ ಎಂದಾದರೂ ಓಡುತ್ತಿದ್ದಳೇನೋ. ಅವಳಿಗೆ ಅಪ್ಪನ ಮೇಲೆ ಪ್ರೀತಿಯೂ ಇತ್ತು, ತಾನು ಹೋದರೆ ಅವ್ವನ ಗತಿ ಏನು ಎಂಬ ಕರುಳೂ ಇತ್ತು. ಸಂಕೋಲೆಯ ಕೊಂಡಿಗಳು ಇವೇ.

ಈ ಹಂತದಲ್ಲಿ ಧರ್ಮದ ಮಾತನ್ನು ತೆಗೆಯದೆ ಮುಂದೆ ಹೋಗಲಾಗದು. ಕಾದಂಬರಿಯ ಕೊನೆಯ ದುರಂತವು ಶರೀಅತ್‌ನ ಹೆಸರಿನಲ್ಲಿ ನಡೆಯುತ್ತದೆ. ಬೈದವರು ‘ಇದು ಇಸ್ಲಾಮ್ ಅಲ್ಲ’ ಎಂದರು, ಹೊಗಳಿದವರು ‘ಇದೇ ಇಸ್ಲಾಮ್’ ಎಂದರು. ಮೂಲವನ್ನು ತೆರೆದು ನೋಡುವ ಕಷ್ಟವನ್ನು ಇಬ್ಬರಲ್ಲೂ ಹೆಚ್ಚಿನವರು ತೆಗೆದುಕೊಳ್ಳಲಿಲ್ಲ. ಕುರ್‌ಆನ್‌ನ ಎರಡನೆಯ ಅಧ್ಯಾಯದ 230ನೇ ವಚನದಲ್ಲಿ, ಅಂತಿಮ ತಲಾಖ್ ಕೊಟ್ಟವನಿಗೆ ಆ ಹೆಣ್ಣು ಮತ್ತೆ ಸಲ್ಲುವುದು ಅವಳು ಬೇರೊಬ್ಬನ ಹೆಂಡತಿಯಾಗಿ ಆ ಸಂಬಂಧವೂ ಮುರಿದ ಮೇಲೆಯೇ ಎಂಬ ನಿಯಮವಿದೆ. ತಲಾಖನ್ನು ಆಟಿಕೆ ಮಾಡಿಕೊಂಡ ಗಂಡಸರಿಗೆ ಹಾಕಿದ ಕಡಿವಾಣವಿದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮೊದಲೇ ಕರಾರು ಮಾಡಿಕೊಂಡು ಒಂದು ರಾತ್ರಿಗೆ ನಿಕಾಹ್ ಮಾಡಿಸುವುದನ್ನು ಆ ವಚನ ಹೇಳುವುದಿಲ್ಲ. ಹಾಗೆ ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದರೆಂಬ ಹದೀಸ್ ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿದೆ. ಅದೂ ಅಲ್ಲದೆ, ಒಂದೇ ಉಸಿರಿನ ಮೂರು ಮಾತನ್ನು ಮೂರು ತಲಾಖ್ ಎಂದು ಲೆಕ್ಕ ಹಾಕುವುದರಲ್ಲಿ ಕರಾವಳಿಯ ಶಾಫಿಗಳೂ ನಮ್ಮ ಆಳಂದದ ಕಡೆಯ ಹನಫಿಗಳೂ ಒಂದೇ ಪಂಗಡ. ಅಹ್ಲೆ ಹದೀಸ್‌ನವರು ಅದನ್ನು ಒಂದೆಂದೇ ಎಣಿಸುತ್ತಾರೆ. ಒಂದೆಂದು ಎಣಿಸಿದ್ದರೆ ನಾದಿರಾಳ ಕತೆಯಲ್ಲಿ ಆ ರಾತ್ರಿಯೇ ಬರುತ್ತಿರಲಿಲ್ಲ. ಇದ್ದತ್ ಮುಗಿದಿದ್ದರೂ ಒಂದು ಹೊಸ ನಿಕಾಹ್ ಸಾಕಾಗುತ್ತಿತ್ತು.

ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ ಪುಟದ 232ನೇ ವಚನ. ವಿಚ್ಛೇದಿತ ಹೆಂಗಸರು ಅವಧಿ ಮುಗಿಸಿದ ಮೇಲೆ ತಮ್ಮ ಗಂಡಂದಿರನ್ನು ಒಪ್ಪಿ ಮರುಮದುವೆಯಾಗ ಬಯಸಿದರೆ ತಡೆಯಬೇಡಿ ಎಂಬುದು ಅದರ ತಾತ್ಪರ್ಯ. ಅದರ ಹಿನ್ನೆಲೆಯಾಗಿ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ಮಾಕಿಲ್ ಬಿನ್ ಯಸಾರ್ ಎಂಬವರ ತಂಗಿಗೆ ಗಂಡ ತಲಾಖ್ ಕೊಟ್ಟ. ಅವಧಿ ಮುಗಿದ ಮೇಲೆ ಅವನೇ ಮತ್ತೆ ಹೆಣ್ಣು ಕೇಳಲು ಬಂದ. ಅವಳಿಗೂ ಮನಸ್ಸಿತ್ತು. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು; ನಿನಗೆ ಕೊಟ್ಟೆ, ಗೌರವಿಸಿದೆ, ನೀನು ಬಿಟ್ಟೆ, ಇನ್ನು ಎಂದೂ ಕೊಡಲಾರೆ ಎಂದುಬಿಟ್ಟ. ಆಗ ಈ ವಚನ ಅವತೀರ್ಣವಾಯಿತು. ಅಣ್ಣ ತಲೆಬಾಗಿ ತಂಗಿಯನ್ನು ಅವಳು ಬಯಸಿದವನಿಗೇ ಮದುವೆ ಮಾಡಿಕೊಟ್ಟ. ಓದುಗರು ಗಮನಿಸಬೇಕು. ಮಹಮ್ಮದ್ ಖಾನ್ ಕಾಸರಗೋಡಿನಲ್ಲಿ ಹುಟ್ಟುವುದಕ್ಕೆ ಹದಿಮೂರು ಶತಮಾನ ಮೊದಲೇ ಮದೀನಾದಲ್ಲಿ ಒಬ್ಬ ಖಾನ್ ಇದ್ದ. ಅದೇ ಮಾನ, ಅದೇ ಸಿಟ್ಟು, ಮನೆಯ ಹೆಣ್ಣಿನ ಮೇಲೆ ಅದೇ ಮಮಕಾರದ ಹಿಡಿತ. ಅಲ್ಲಿ ಧರ್ಮವು ಹೆಣ್ಣಿನ ಮನಸ್ಸಿನ ಪರ ನಿಂತು ಅಣ್ಣನ ಕೈಯನ್ನು ಬಿಡಿಸಿತು. ನಾದಿರಾಳ ಊರಿನ ಹಿರಿಯರಿಗೆ 230ನೇ ವಚನ ಬಾಯಿಪಾಠವಾಗಿತ್ತು. 232ರವರೆಗೆ ಅವರು ಓದಿದಂತೆ ಕಾಣುವುದಿಲ್ಲ. ಸಮಾಜವು ಧರ್ಮದಿಂದ ತನಗೆ ಬೇಕಾದ ಸಾಲನ್ನು ಮಾತ್ರ ಕಡ ತಂದು ತನ್ನ ಬೇಡಿಕೆಗೆ ಮುದ್ರೆ ಒತ್ತಿಸಿಕೊಳ್ಳುವುದು ಹೀಗೆ. ಇದು ಮುಸ್ಲಿಮರಲ್ಲಿ ಮಾತ್ರ ನಡೆಯುವುದೆಂದು ತಿಳಿದರೆ ತಪ್ಪಾಗುತ್ತದೆ. ನಮ್ಮ ಬಲಗಡೆಯ ಮನೆಯವರೂ ಎಡಗಡೆಯ ಮನೆಯವರೂ ಇದನ್ನೇ ಮಾಡುತ್ತಾರೆ.

ಬರೀರಾ ಮತ್ತು ಮುಗೀಸ್‌ರ ಪ್ರಸಂಗ ಇನ್ನೂ ಸೂಕ್ಷ್ಮ. ಬರೀರಾ ಗುಲಾಮಗಿರಿಯಿಂದ ಬಿಡುಗಡೆಯಾದ ಹೆಂಗಸು. ಬಿಡುಗಡೆಯೊಡನೆ, ಗುಲಾಮನಾಗಿದ್ದ ಗಂಡನನ್ನು ಬಿಡುವ ಹಕ್ಕೂ ಅವಳಿಗೆ ಬಂತು. ಅವಳು ಬಿಟ್ಟಳು. ಮುಗೀಸ್ ಮದೀನಾದ ಬೀದಿಗಳಲ್ಲಿ ಅವಳ ಹಿಂದೆ ಅಳುತ್ತಾ ತಿರುಗುತ್ತಿದ್ದ, ಕಣ್ಣೀರು ಗಡ್ಡವನ್ನು ತೋಯಿಸುತ್ತಿತ್ತು ಎಂದು ಇಬ್ನು ಅಬ್ಬಾಸ್ ನೆನಪಿಸಿಕೊಂಡಿದ್ದಾರೆ. ಪ್ರವಾದಿ(ಸ) ಮರುಗಿ, ಅವನ ಬಳಿಗೆ ಮರಳಬಾರದೇ ಎಂದು ಬರೀರಾಳನ್ನು ಕೇಳಿದರು. ಇದು ನಿಮ್ಮ ಆಜ್ಞೆಯೇ ಎಂದು ಅವಳು ಕೇಳಿದಳು. ಅಲ್ಲ, ಶಿಫಾರಸು ಮಾತ್ರ ಎಂದರು. ಹಾಗಾದರೆ ನನಗೆ ಅವನು ಬೇಡ ಎಂದಳು. ಮಾತು ಅಲ್ಲಿಗೇ ಮುಗಿಯಿತು. ಆಜ್ಞೆ ಯಾವುದು, ಶಿಫಾರಸು ಯಾವುದು ಎಂದು ಒಬ್ಬ ಹೆಣ್ಣು ಎದುರು ನಿಂತು ಕೇಳಬಹುದಾಗಿತ್ತು, ಉತ್ತರ ಪಡೆಯಬಹುದಾಗಿತ್ತು. ನಮ್ಮ ಮನೆಗಳಲ್ಲಿ ಸೋದರಮಾವನ ಶಿಫಾರಸು ಕೂಡ ಆಜ್ಞೆಯೇ. ಮದುವೆಯಾಗದ ಹುಡುಗಿ ‘ಅಬ್ಬಾಜಾನ್, ಇದು ಆಜ್ಞೆಯೋ ಶಿಫಾರಸೋ’ ಎಂದು ಕೇಳಿದರೆ ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಶಾಯರಾ ಬಾನು ಪ್ರಕರಣದಲ್ಲಿ ಒಂದೇ ಉಸಿರಿನ ತ್ರಿವಳಿ ತಲಾಖನ್ನು ತಳ್ಳಿಹಾಕಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧವನ್ನಾಗಿ ಮಾಡಿತು. ಆ ಕಾಯ್ದೆಯ ಸರಿ ತಪ್ಪು, ಅದರ ಹಿಂದಿನ ರಾಜಕಾರಣ ಬೇರೆ ಚರ್ಚೆ; ಇಲ್ಲಿ ಬೇಡ. ಆದರೆ ಅದರಿಂದ ವಿಮರ್ಶಕರಿಗೆ ಒಂದು ಒಳ್ಳೆಯ ಪರೀಕ್ಷೆ ಸಿಕ್ಕಿದೆ. ‘ಚಂದ್ರಗಿರಿಯ ತೀರದಲ್ಲಿ’ ಕೇವಲ ತಲಾಖ್‌ನ ಕತೆಯಾಗಿದ್ದರೆ, ಕಾನೂನು ಬದಲಾದ ದಿನವೇ ಅದು ಹಳೆಯ ಸರ್ಕಾರಿ ಕಡತದಂತೆ ಆಗಬೇಕಿತ್ತು. ಆಗಿಲ್ಲ. ತಲಾಖ್ ಎಂಬ ಆಯುಧ ಇಲ್ಲದಿದ್ದರೆ ಮಹಮ್ಮದ್ ಖಾನ್ ಬೇರೊಂದು ಆಯುಧ ಹುಡುಕುತ್ತಿದ್ದ. ಮಗಳನ್ನು ಒಳಗೆ ಕೂಡಿಹಾಕಲು ಅವನಿಗೆ ಯಾವ ಕಟ್ಟಳೆಯೂ ಬೇಕಾಗಿರಲಿಲ್ಲ. ಅಪ್ಪನೆಂಬ ಅಧಿಕಾರ ಸಾಕಾಗಿತ್ತು. ಜಾತಿ ಬಿಟ್ಟು ಮದುವೆಯಾದ ಮಗಳನ್ನು ನಾಲ್ಕು ದಿನ ಇದ್ದು ಹೋಗು ಎಂದು ತವರಿಗೆ ಕರೆಸಿಕೊಂಡು ಮುಗಿಸಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಲ್ಲಿ ತಲಾಖ್ ಇಲ್ಲ, ಇದ್ದತ್ ಇಲ್ಲ, ಮಸೀದಿಯ ಕೊಳ ಇಲ್ಲ. ಕರೆದ ದನಿ ಮಾತ್ರ ಅಪ್ಪನದು.

ಕಾದಂಬರಿಯ ದೋಷಗಳನ್ನೂ ಹೇಳಬೇಕು. ಮೃತರಾದ ಲೇಖಕಿಗೆ ಗೌರವ ತೋರಿಸುವ ರೀತಿ ಅದೇ. (ಸಾರಾ 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.) ಕೊನೆಯ ಭಾಗ ಅವಸರದ್ದು. ದುರಂತಕ್ಕೆ ತಲುಪಲೇಬೇಕೆಂದು ಲೇಖಕಿ ನಿಶ್ಚಯಿಸಿದಂತೆ ಘಟನೆಗಳು ಒಂದರ ಮೇಲೊಂದು ಬೀಳುತ್ತವೆ. ಕೆಲವೆಡೆ ಪಾತ್ರಗಳ ಬಾಯಲ್ಲಿ ಲೇಖಕಿಯ ಲೇಖನವೇ ಕೇಳಿಸುತ್ತದೆ. ನಮಗೆ ಹೆಚ್ಚು ಕೊರತೆಯಾಗಿ ಕಾಣುವುದು ರಶೀದ. ಒಳ್ಳೆಯವನು, ಹೆಂಡತಿಯನ್ನು ಪ್ರೀತಿಸುವವನು, ಕಾಯುವವನು. ಅಷ್ಟೇ. ಅವನೊಳಗೆ ಏನು ನಡೆಯಿತು? ಮಗುವನ್ನು ಇಟ್ಟುಕೊಂಡು ಆ ರಾತ್ರಿಗಳನ್ನು ಹೇಗೆ ಕಳೆದ? ತನ್ನ ಹೆಂಡತಿ ಇನ್ನೊಬ್ಬನ ಮನೆ ಹೊಕ್ಕು ಬರಬೇಕೆಂಬ ಕರಾರಿಗೆ ತಲೆಯಾಡಿಸುವಾಗ ಅವನ ಎದೆಯಲ್ಲಿ ಏನಾಯಿತು? ಕಾದಂಬರಿ ಅತ್ತ ಹೆಚ್ಚು ನೋಡುವುದಿಲ್ಲ. ಮುಗೀಸ್ ಬೀದಿಯಲ್ಲಿ ಅತ್ತ. ಗಂಡಸಾಗಿ ಅಳುತ್ತೀಯಲ್ಲ ಎಂದು ಪ್ರವಾದಿಯವರು ಹಂಗಿಸಲಿಲ್ಲ, ಅವನ ಪ್ರೀತಿಯನ್ನು ಕಂಡು ಬೆರಗಾದರು. ರಶೀದನಿಗೆ ಅಳುವ ಬೀದಿ ಸಿಗಲಿಲ್ಲ. ಗಂಡಸಿನ ಮೇಲೆ ಸಮಾಜ ಹೊರಿಸುವ ಭಾರವೇ ಅದು: ಹುಕುಂ ಮಾಡು, ಇಲ್ಲವೇ ಸುಮ್ಮನಿರು. ಖಾನ್ ಮೊದಲನೆಯದನ್ನು ಮಾಡಿದ, ರಶೀದ ಎರಡನೆಯದನ್ನು. ಇಬ್ಬರ ನಡುವೆ ಒಂದು ಹೆಣ್ಣು ಸತ್ತಳು.

ಇದರ ಪಕ್ಕದಲ್ಲಿ ಬಾನು ಮುಷ್ತಾಕರ ‘ಎದೆಯ ಹಣತೆ’ ಕತೆಯನ್ನು ಇಟ್ಟು ನೋಡಬೇಕು. ಬಾನು ಹಾಸನದವರು. 2000ದಲ್ಲಿ, ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ ಸಾಮಾಜಿಕ ಬಹಿಷ್ಕಾರವನ್ನು ಉಂಡವರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕತೆಗಳಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ಹೆಮ್ಮೆಪಟ್ಟವರೆಲ್ಲ ಕತೆ ಓದಿದ್ದರೆ ಇನ್ನೂ ಚೆನ್ನಾಗಿತ್ತು. ಆ ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟಿರುವುದು ಇದೇ ಕತೆ. ಗಂಡ ಬೇರೊಬ್ಬಳಲ್ಲಿ ಮನಸ್ಸಿಟ್ಟಿದ್ದಾನೆ. ಮೆಹರುನ್ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ಕೂರಿಸಿ ಸಮಾಧಾನ ಹೇಳುವ ಬದಲು ಆಗಲೇ ಹಿಂದಕ್ಕೆ ಕರೆದೊಯ್ಯಲು ಹೊರಡುತ್ತಾರೆ. ಮನೆತನದ ಮರ್ಯಾದೆ ಕಾಯುವ ಬುದ್ಧಿ ಇದ್ದಿದ್ದರೆ ಇಲ್ಲಿಗೆ ಬರುವ ಬದಲು ಬೆಂಕಿ ಹಚ್ಚಿಕೊಳ್ಳುತ್ತಿದ್ದೆ ಎಂಬರ್ಥದ ಮಾತು ಒಡಹುಟ್ಟಿದವನ ಬಾಯಿಂದಲೇ ಬರುತ್ತದೆ. ಮಂದಿ ಆಡಬಹುದಾದ ಕೊನೆಯ ಮಾತನ್ನು ಮಂದಿ ಆಡಲಿಲ್ಲ, ಅಣ್ಣ ಆಡಿದ. ಆ ರಾತ್ರಿ ಗಂಡನ ಮನೆಯಲ್ಲಿ ಮೆಹರುನ್ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ.

ಇಲ್ಲಿಯವರೆಗೆ ನಾದಿರಾಳ ದಾರಿಯೇ. ಅಲ್ಲಿ ನೀರು, ಇಲ್ಲಿ ಬೆಂಕಿ. ಆದರೆ ಇಲ್ಲಿ ಹಿರಿಯ ಮಗಳು ಸಲ್ಮಾ ಎಚ್ಚರಗೊಳ್ಳುತ್ತಾಳೆ, ಕೂಸನ್ನೆತ್ತಿಕೊಂಡು ಓಡಿಬಂದು ತಾಯಿಯ ಕಾಲು ಹಿಡಿಯುತ್ತಾಳೆ. ಅವಳದೂ ಒಂದು ಬೇಡಿಕೆಯೇ, ಅದೂ ಪ್ರೀತಿಯ ಹೆಸರಿನಲ್ಲಿ ಬಂದ ಬೇಡಿಕೆ. ಅಣ್ಣನದೂ ಪ್ರೀತಿಯ ಹೆಸರಿನಲ್ಲೇ ಬಂದಿತ್ತು. ಎರಡಕ್ಕೂ ವ್ಯತ್ಯಾಸ ಎಲ್ಲಿದೆ? ಅಣ್ಣ ಕೇಳಿದ್ದು ಮನೆತನಕ್ಕಾಗಿ. ಸಲ್ಮಾ ಕೇಳಿದ್ದು ತನಗಾಗಿ, ನೀನಿಲ್ಲದಿದ್ದರೆ ನಾವು ಏನಾಗುತ್ತೇವೆ ಎಂದು. ಅವಳ ಹಿಂದೆ ಯಾವ ಮಂದಿಯೂ ನಿಂತಿರಲಿಲ್ಲ. ಬಾನು ಅವರು ಇದನ್ನು ವಿವರಿಸುವುದಿಲ್ಲ, ಆ ಹುಡುಗಿಯ ಕೈಗಳನ್ನು ತೋರಿಸಿ ಬಿಡುತ್ತಾರೆ. ಕತೆಗಾರಿಕೆಯ ದೃಷ್ಟಿಯಿಂದ ಇದು ಸಾರಾ ಅವರ ಕೊನೆಗಿಂತ ಮುಂದಿನ ಹೆಜ್ಜೆ ಎಂದು ನಮ್ಮ ಅಭಿಪ್ರಾಯ. ಆದರೆ ಮೊದಲ ಹೆಜ್ಜೆ ಇಟ್ಟವರಿಲ್ಲದೆ ಎರಡನೆಯದು ಬರುತ್ತಿರಲಿಲ್ಲ.

ಬಾನು ಅವರ ‘ಕರಿನಾಗರಗಳು’ ಹೆಚ್ಚು ಪ್ರಸಿದ್ಧ. ಗಿರೀಶ್ ಕಾಸರವಳ್ಳಿಯವರು ಅದನ್ನು ‘ಹಸೀನಾ’ ಎಂಬ ಚಿತ್ರ ಮಾಡಿದರು, ತಾರಾ ಅವರಿಗೆ 2004ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಗಂಡ ಬಿಟ್ಟ ಹೆಂಗಸು ರೋಗಿ ಮಗುವಿನೊಡನೆ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುವ ದೃಶ್ಯ ಎಲ್ಲರ ಮನಸ್ಸಿನಲ್ಲಿ ಉಳಿದಿದೆ. ನಮಗೆ ನೆನಪಾಗುವುದು ಕತೆಯ ಇನ್ನೊಂದು ಹೆಣ್ಣು, ಮುತವಲ್ಲಿಯ ಹೆಂಡತಿ ಅಮೀನಾ. ವರ್ಷವರ್ಷವೂ ಹೆತ್ತು ಸುಸ್ತಾದವಳು, ಆಪರೇಷನ್ನಿಗೆ ಗಂಡನ ಅನುಮತಿ ಬೇಡಿ ಬೇಡಿ ಸೋತವಳು. ಗಂಡನಿಂದ ಇನ್ನೊಂದು ಹೆಣ್ಣಿಗೆ ಆದ ಅನ್ಯಾಯವನ್ನು ಕಂಡ ಮೇಲೆ ಅವಳು ಅನುಮತಿ ಕೇಳುವುದನ್ನೇ ನಿಲ್ಲಿಸುತ್ತಾಳೆ. ಹೋಗುತ್ತಿದ್ದೇನೆ, ಮಕ್ಕಳನ್ನು ನೋಡಿಕೋ ಎಂದು ಹೊರಟುಬಿಡುತ್ತಾಳೆ. ಭಾಷಣವಿಲ್ಲ, ಕೊಳವಿಲ್ಲ, ಸೀಮೆಎಣ್ಣೆಯಿಲ್ಲ. ಬರೀರಾಳ ಹಾಗೆ ಒಂದೇ ಒಂದು ಮಾತು.

ನಮ್ಮ ಭಾಗದ ಸಂಗತಿ ಬೇರೆಯೇ ಇದೆ. ಕಲಬುರಗಿ ಜಿಲ್ಲೆಯ ಸಾವಳಗಿಯವರಾದ ಗೀತಾ ನಾಗಭೂಷಣ ಅವರು ಈ ಸೀಮೆಯ ದುಡಿಯುವ ಹೆಂಗಸರ ಸಂಕಟವನ್ನು ಈ ಸೀಮೆಯ ಮಾತಿನಲ್ಲೇ ಬರೆದು, ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿಯಾದರು. ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದು ಸಂಜೆ ದಖನಿಯಲ್ಲಿ ಮಕ್ಕಳನ್ನು ಬೈಯುವ ಮುಸ್ಲಿಂ ಹೆಣ್ಣುಮಗಳ ಒಳಗನ್ನು ಹೇಳುವ ಕನ್ನಡ ಕತೆ ನಮಗೆ ಇನ್ನೂ ಓದಲು ಸಿಕ್ಕದ್ದು ಕಡಿಮೆ. ಅವಳು ಹೇಳಿಕೊಂಡಿಲ್ಲವೆಂದು ಇದರರ್ಥವಲ್ಲ. ಕಲಬುರಗಿ, ವಿಜಯಪುರದ ಸೂಫಿ ಪರಂಪರೆಯಲ್ಲಿ ‘ಚಕ್ಕೀನಾಮಾ’ ಎಂಬ ದಖನಿ ಹಾಡುಗಳಿವೆ, ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದಂಥವು. ಕೆಲವನ್ನು ಖ್ವಾಜಾ ಬಂದೇನವಾಜರ ಹೆಸರಿಗೂ ಸೇರಿಸುತ್ತಾರೆ. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದಗಳಿದ್ದವು. ಅತ್ತೆಗೆ ಹೇಳಲಾಗದ್ದನ್ನು, ಅಪ್ಪನಿಗೆ ಹೇಳಬಾರದ್ದನ್ನು ಕಲ್ಲಿಗೆ ಹೇಳಬಹುದಾಗಿತ್ತು. ಮೊಹರಮ್ಮಿನ ರಿವಾಯತ್ ಪದಗಳಲ್ಲಿ ಕರ್ಬಲಾದ ವಿಧವೆಯರ ಗೋಳನ್ನು ಹಾಡುವಾಗ ಹಿಂದೂ ಮುಸ್ಲಿಂ ಹೆಂಗಸರಿಬ್ಬರೂ ಯಾರಿಗೂ ಕಾರಣ ಹೇಳದೆ ತಮ್ಮ ತಮ್ಮ ಅಳುವನ್ನು ಅತ್ತು ಮುಗಿಸಬಹುದಾಗಿತ್ತು. ಬೇಡಿಕೆಗಳನ್ನು ಹೇರಿದ ಸಮಾಜವೇ ಅಳಲು ಒಂದಿಷ್ಟು ಜಾಗವನ್ನೂ ಬಿಟ್ಟುಕೊಟ್ಟಿತ್ತು. ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಕೈ ನೋವು ಹೋದದ್ದು ಒಳ್ಳೆಯದೇ ಆಯಿತು. ಹಾಡುವ ಹೊತ್ತೂ ಅದರ ಜೊತೆಗೇ ಹೋಯಿತು.

ಸಾರಾ ಮತ್ತು ಬಾನು ಅವರು ಆ ಕಲ್ಲಿನ ಜಾಗದಲ್ಲಿ ಕನ್ನಡದ ಬಿಳಿ ಹಾಳೆಯನ್ನು ಇಟ್ಟುಕೊಂಡರು. ಅವರು ಹೆಣ್ಣಿನ ಕಡೆಯ ಮಾತನ್ನು ಬರೆದರು, ಬರೆಯಬೇಕಾದದ್ದು ಮೊದಲು ಅದೇ ಆಗಿತ್ತು. ನಾದಿರಾಳ ಕಾದಂಬರಿಯನ್ನು ಮುಚ್ಚಿಟ್ಟ ಮೇಲೆ ನಮ್ಮನ್ನು ಬಿಡದೆ ಕಾಡುವವನು ಮಾತ್ರ ಅವಳ ಮಗ. ಕತೆ ಮುಗಿಯುವಾಗ ಅವನಿನ್ನೂ ಸಣ್ಣವನು. ತಾಯಿ ತನ್ನ ಬಳಿಗೆ ಬರುವುದಕ್ಕೆ ಒಂದೇ ಒಂದು ರಾತ್ರಿ ಬಾಕಿಯಿತ್ತು ಎಂಬುದು ಅವನಿಗೆ ಯಾವ ವಯಸ್ಸಿನಲ್ಲಿ ಗೊತ್ತಾಯಿತು? ಯಾರು ಹೇಳಿದರು, ರಶೀದನೋ, ಓಣಿಯ ಮಂದಿಯೋ? ಅವನು ಬದುಕಿನಲ್ಲಿರುವ ಹುಡುಗನಾಗಿದ್ದರೆ ಈ ಹೊತ್ತಿಗೆ ನಲವತ್ತು ದಾಟಿ, ಮದುವೆಗೆ ಬಂದ ಮಗಳ ತಂದೆಯಾಗಿರುತ್ತಿದ್ದ. ಆ ಮಗಳೊಡನೆ ಅವನು ಯಾವ ದನಿಯಲ್ಲಿ ಮಾತಾಡುತ್ತಾನೆ ಎಂಬುದನ್ನು ಕನ್ನಡದಲ್ಲಿ ಯಾರಾದರೂ ಬರೆದರೆ ನಾವು ಓದಲು ಕಾದಿದ್ದೇವೆ.